ನಮ್ಮ ಕಡೆಯ ಗಾಳಿಯ ತೂಕ

ಕಲ್ಯಾಣ

ವಿಲಾಯತಿಗೆ ಹೋಗಿ ಬಂದವನೆಂದು ಹುಮನಾಬಾದಿನ ಪೇಟೆಯಲ್ಲಿ ಈಗಲೂ ನನ್ನನ್ನು ನಿಲ್ಲಿಸಿ ಕೇಳುತ್ತಾರೆ. ಆಗಬೋಟಿನಲ್ಲಿ ವಾಂತಿ ಆಯಿತೇ, ಅಲ್ಲಿ ಬಿಸಿಲೇ ಬೀಳುವುದಿಲ್ಲವಂತೆ ಹೌದೇ, ರೊಟ್ಟಿ ಯಾರು ಬಡಿದು ಕೊಟ್ಟರು ಎಂದು. ವಾಂತಿ ಆಯಿತು, ಬಿಸಿಲು ಬೀಳುತ್ತದೆ, ರೊಟ್ಟಿ ಯಾರೂ ಬಡಿದು ಕೊಡಲಿಲ್ಲ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ. ಯಾಕೆ ಹೋಗಿದ್ದೆ ಎಂದು ಕೇಳುವವರು ಕಡಿಮೆ. ಅದನ್ನು ಒಮ್ಮೆ ಪೂರ್ತಿಯಾಗಿ ಬರೆದಿಡೋಣ ಅನಿಸಿದೆ.

ನಾನು ಉರ್ದು ಶಾಲೆಯಲ್ಲಿ ಮಿಡ್ಲ್ ತನಕ ಓದಿದವನು. ಹುಮನಾಬಾದಿನ ಹತ್ತಿ ಗಿರಣಿಯ ಎಂಜಿನ್ ಕೋಣೆಯಲ್ಲಿ ಕೆಲಸ ಕಲಿತು, ಆಮೇಲೆ ಹೈದರಾಬಾದಿನ ಒಂದು ಸಣ್ಣ ಧರ್ಮ ದವಾಖಾನೆಯಲ್ಲಿ ಎಕ್ಸ್‌ರೇ ಯಂತ್ರ ನಡೆಸುವ ಕೆಲಸಕ್ಕೆ ಸೇರಿದೆ. ಮುರಿದ ಎಲುಬಿನ ಫೋಟೋ ತೆಗೆಯುವ ಯಂತ್ರವಲ್ಲ. ಕ್ಯಾನ್ಸರ್ ಗಂಟಿನ ಮೇಲೆ ಕಿರಣ ಬಿಟ್ಟು ಅದನ್ನು ಒಣಗಿಸುವ ದೊಡ್ಡ ಯಂತ್ರ. ಕಿರಣ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಬಿಸಿ ತಾಗುವುದಿಲ್ಲ. ನಿಮಿಷಕ್ಕೆ ಎಷ್ಟು ಬರುತ್ತದೆಂದು ಅಳೆದು, ಆ ಲೆಕ್ಕದ ಮೇಲೆ ಇಷ್ಟು ನಿಮಿಷ ಎಂದು ಕೊಡಬೇಕು. ಕಡಿಮೆಯಾದರೆ ಗಂಟು ಉಳಿಯುತ್ತದೆ, ಹೆಚ್ಚಾದರೆ ಚರ್ಮ ಸುಡುತ್ತದೆ. ಪ್ರತಿ ಸೋಮವಾರ ಅಳೆಯುವ ಕೆಲಸವೂ ನನ್ನದೇ.

ನನ್ನ ಹೆಂಡತಿ ಚಂದ್ರಮ್ಮ ನನ್ನ ಸ್ವಂತ ಅಕ್ಕನ ಮಗಳು. ಅಕ್ಕನ ಮನೆ ಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ. ಅವ್ವ ಸತ್ತ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ, ಮಗಳನ್ನು ಕೊಟ್ಟವಳೂ ಅವಳೇ. ಚಂದ್ರಮ್ಮನ ಎದೆಯಲ್ಲಿ ಗಂಟು ಕಂಡಾಗ ನಮ್ಮ ಡಾಕ್ಟರ್ ಸಾಹೇಬರೇ ಕೊಯ್ದು ತೆಗೆದರು. ಆಮೇಲೆ ಆರು ವಾರ ಕಿರಣ ಬೇಕೆಂದರು. ಅಡಿಗೆಗೆಂದು ಅಕ್ಕ ಹೈದರಾಬಾದಿಗೆ ಬಂದು ನಮ್ಮ ಜೊತೆ ಇದ್ದಳು. ಸೀಸದ ಗಾಜಿನ ಈಚೆ ಗಡಿಯಾರ ಹಿಡಿದು ನಿಂತು ಕಿರಣ ಕೊಟ್ಟವನು ನಾನು. ಐದನೆಯ ವಾರ ಚರ್ಮ ಕಪ್ಪಾಗಿ ಬಿರಿಯಿತು. ಮತ್ತೆ ಮಾಯಲೇ ಇಲ್ಲ. ಚೈತ್ರದಲ್ಲಿ ಕಲ್ಯಾಣದ ಮನೆಯಲ್ಲಿ, ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಹೋದಳು.

ಇನ್ನಿಬ್ಬರು ಹೆಂಗಸರ ಚರ್ಮವೂ ಅದೇ ವರ್ಷ ಹಾಗೆ ಸುಟ್ಟಿತ್ತು. ಯಂತ್ರ ತಪ್ಪಿದೆಯೋ, ಅಳೆಯುವ ಸಾಮಾನು ತಪ್ಪಿದೆಯೋ ಎಂದು ಡಾಕ್ಟರ್ ಸಾಹೇಬರಿಗೆ ಚಿಂತೆ ಹತ್ತಿತು. ಅಳೆಯುವ ಸಾಮಾನನ್ನು ವಿಲಾಯತಿನ ಒಂದು ಪ್ರಯೋಗಶಾಲೆಯಲ್ಲಿ ತಾಳೆ ನೋಡಿಸಬೇಕು. ಟಪಾಲಿನಲ್ಲಿ ಕಳಿಸಿದರೆ ಒಡೆಯುತ್ತದೆ. "ನೀನೇ ತೊಡೆಯ ಮೇಲಿಟ್ಟುಕೊಂಡು ಹೋಗು, ಎರಡು ತಿಂಗಳು ಅಲ್ಲೇ ಇದ್ದು ಕೆಲಸ ನೋಡಿ ಬಾ" ಎಂದರು.

ಹೊರಡುವ ಮುಂಚೆ ಕಲ್ಯಾಣಕ್ಕೆ ಹೋದೆ. ಅಕ್ಕ ಒಲೆಯ ಮುಂದಿದ್ದಳು.

"ಎಷ್ಟು ದಿನಾ ನೀರಿನ ಮ್ಯಾಲ?"

"ಮೂರು ವಾರ ಅಂತಾರ."

"ಮೂರು ವಾರಕ್ಕ ಇಷ್ಟ ರೊಟ್ಟಿ ಸಾಕಾಗ್ತಾವೇನು? ಕೂಡು, ಇನ್ನಷ್ಟು ಬಡೀತೀನಿ."

"ಅಕ್ಕಾ, ಬೋಟಿನಾಗ ಊಟ ಕೊಡ್ತಾರ."

"ಕೊಡ್ತಾರ. ಏನ್ ಕೊಡ್ತಾರ ಅಂತ ನಿನಗ ಗೊತ್ತದೇನು?"

ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಬಾಗಿಲ ತನಕ ಬಂದು, ಸೆರಗಿನಿಂದ ಕೈ ಒರಸುತ್ತ ಅಂದಳು: "ತಮ್ಮಾ, ಅಲ್ಲಿ ತಿಳದ ಮಂದಿ ಇರ್ತಾರಲ್ಲ, ಅವ್ರಿಗಿ ಒಂದು ಕೇಳು. ನಮ್ಮ ಚಂದ್ರೀ ಯಾಕ ಹಂಗ ಸುಟ್ಟಳು ಅಂತ. ಬ್ಯಾನಿ ಸುಡ್ತೋ, ಮಿಶೀನ್ ಸುಡ್ತೋ. ಅಷ್ಟ ಕೇಳ್ಕೊಂಡು ಬಾ."

ಸೊಲ್ಲಾಪುರದ ದಾರಿ

ಹುಮನಾಬಾದಿನಿಂದ ಸೊಲ್ಲಾಪುರಕ್ಕೆ ಮೋಟಾರಿನಲ್ಲಿ ಹೊರಟೆ. ಕಟ್ಟಿಗೆಯ ಹಲಗೆಯ ಮೇಲೆ ನಾನು, ನನ್ನ ಮೇಲೆ ಪೆಟ್ಟಿಗೆ. ರಸ್ತೆಯ ಪ್ರತಿ ತಗ್ಗಿನಲ್ಲೂ ನಾನು ಎರಡೂ ಕೈಯಿಂದ ಪೆಟ್ಟಿಗೆಯನ್ನು ಮೇಲೆ ಎತ್ತಿ ಹಿಡಿಯುತ್ತಿದ್ದೆ. ಪಕ್ಕದಲ್ಲಿ ಮೆಣಸಿನಕಾಯಿ ಚೀಲದ ಮೇಲೆ ಕೂತಿದ್ದ ಮುಡಬಿಯ ಒಬ್ಬರು ಬಹಳ ಹೊತ್ತು ನೋಡಿದರು.

"ಏನ್ರಿ, ಪೆಟ್ಟಿಗ್ಯಾಗ ಕೂಸು ಮಲಗ್ಯದೇನು?"

"ಯಂತ್ರ ಅದರಿ. ಒಳಗ ಕೂದಲಕ್ಕಿಂತ ಸಣ್ಣ ಎಳಿ ಅದ, ಹರೀತದ."

"ಕೂದಲಕ್ಕಿಂತ ಸಣ್ಣ ಎಳಿ ತಗೊಂಡು ವಿಲಾಯತಿಗಿ ಹೊಂಟೀರಿ! ನಾ ಎರಡು ಮಣ ಮೆಣಸಿನಕಾಯಿ ತಗೊಂಡು ಸೊಲ್ಲಾಪುರ ಮುಟ್ಟೂದು ಕಷ್ಟ ಆಗ್ಯದ."

ಎಲ್ಲರೂ ನಕ್ಕರು. ಮುಂದಿನ ತಗ್ಗು ಬಂದಾಗ ಮಾತ್ರ ಅವರೂ ಒಂದು ಕೈ ಕೊಟ್ಟು ಪೆಟ್ಟಿಗೆ ಎತ್ತಿ ಹಿಡಿದರು. ಸೊಲ್ಲಾಪುರದ ತನಕ ಹಾಗೇ ಹಿಡಿದರು.

ಪೆಟ್ಟಿಗೆಯಲ್ಲಿ ಏನಿತ್ತೆಂದು ಇಲ್ಲೇ ಹೇಳಿಬಿಡುತ್ತೇನೆ. ಹೆಬ್ಬೆರಳಿನ ತುದಿಯಷ್ಟು ದೊಡ್ಡ ಒಂದು ಡಬ್ಬಿ, ಅದರೊಳಗೆ ಬರೀ ಗಾಳಿ. ಕಿರಣ ಆ ಗಾಳಿಗೆ ತಾಗಿದಾಗ, ಅದಕ್ಕೆ ಜೋಡಿಸಿದ ಇನ್ನೊಂದು ಪೆಟ್ಟಿಗೆಯಲ್ಲಿ ಸಣ್ಣ ಎಳೆ ನಿಧಾನವಾಗಿ ಇಳಿಯುತ್ತದೆ. ಎಷ್ಟು ಬೇಗ ಇಳಿಯಿತೋ ಅಷ್ಟು ಕಿರಣ. ಜೊತೆಗೆ ಒಂದು ಥರ್ಮಾಮೀಟರು, ಗಾಳಿಯ ಭಾರ ತೋರಿಸುವ ಒಂದು ಬ್ಯಾರೋಮೀಟರು. ಅದು ತಾಟಿನಂಥ ಹಿತ್ತಾಳೆ ಡಬ್ಬಿ. ಮುಖದ ಮೇಲೆ ಗಡಿಯಾರದ ಹಾಗೆ ಒಂದು ಮುಳ್ಳು, ಸುತ್ತ ಇಂಗ್ಲಿಷಿನಲ್ಲಿ ಬಿರುಗಾಳಿ, ಮಳೆ, ಬದಲಾವಣೆ, ಸ್ವಚ್ಛ, ಬಹಳ ಒಣ ಎಂದು ಬರೆದಿರುತ್ತದೆ.

ಈ ಬ್ಯಾರೋಮೀಟರಿನ ಮುಳ್ಳು ದವಾಖಾನೆಗೆ ಬಂದ ದಿನದಿಂದ 'ಬಿರುಗಾಳಿ'ಯ ಮೇಲೇ ನಿಂತಿತ್ತು. ವೈಶಾಖದ ಬೆಂಕಿ ಬಿಸಿಲಿನಲ್ಲೂ ಬಿರುಗಾಳಿ. ಕೆಟ್ಟಿದೆ ಎಂದೇ ಎಲ್ಲರೂ ಅಂದರು. ರಜೆಯಲ್ಲಿ ಹುಮನಾಬಾದಿಗೆ ಬರುವಾಗ ರಿಪೇರಿಗೆಂದು ತಂದು ಮನೆಯ ಗೂಟಕ್ಕೆ ತೂಗು ಹಾಕಿದ್ದೆ. ಚಂದ್ರಮ್ಮನಿಗೆ ಆಗ ಯಾವ ಬೇನೆಯೂ ಇರಲಿಲ್ಲ. ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಮಾಮಾ, ಏನಂತದ ಇದು?" ಎಂದಳು. ತೂಫಾನು ಅಂತದ ಅಂದೆ. "ಹಪ್ಪಳ ಹಾಕೀನಿ ಮಾಳಿಗಿ ಮ್ಯಾಲ. ತೂಫಾನಂತ ತೂಫಾನು! ಮೊದಲು ಗಫೂರ್ ಮಿಯಾರ ಕಡಿ ಒಯ್ರಿ ಇದನ್ನ."

ಗಫೂರ್ ಮಿಯಾ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವವರು. ಹಿಂದಿನ ತಿರುಪನ್ನು ಸಣ್ಣಗೆ ತಿರುಗಿಸಿದರು. ಮುಳ್ಳು ಎದ್ದು 'ಸ್ವಚ್ಛ'ದ ಮೇಲೆ ಕೂತಿತು. ಆ ದಿನ ಆಕಾಶ ನಿಜವಾಗಿಯೂ ಸ್ವಚ್ಛವಾಗಿತ್ತು. ನಾವಿಬ್ಬರೂ ಬಹಳ ಸಂತೋಷಪಟ್ಟೆವು.

ಈಗ ಸೊಲ್ಲಾಪುರದ ಧರ್ಮಶಾಲೆಯಲ್ಲಿ ಪೆಟ್ಟಿಗೆ ತೆರೆದು ನೋಡಿದರೆ ಮುಳ್ಳು 'ಬಹಳ ಒಣ'ದ ಹತ್ತಿರ ಸರಿದಿತ್ತು. ಮೋಟಾರಿನ ಕುಲುಕಾಟಕ್ಕೆ ಮತ್ತೆ ಕೆಟ್ಟಿತೆಂದುಕೊಂಡೆ. ಮುಂಬಯಿಯಲ್ಲಿ ನೋಡಿದರೆ ಎಲ್ಲ ಅಕ್ಷರ ದಾಟಿ, ಬರೆಯದೆ ಬಿಟ್ಟ ಜಾಗಕ್ಕೆ ಹೋಗಿ ನಿಂತಿತ್ತು.

ಆಗಬೋಟು

ಮೊದಲ ನಾಲ್ಕು ದಿನ ನಾನು ಯಾವುದನ್ನೂ ನೋಡಲಿಲ್ಲ. ಮಲಗಿದಲ್ಲೇ ಇದ್ದೆ. ಅಕ್ಕನ ರೊಟ್ಟಿಯ ಗಂಟಿನ ಕಡೆ ಮುಖ ಮಾಡಿದರೂ ಹೊಟ್ಟೆ ತೊಳಸುತ್ತಿತ್ತು. ಐದನೆಯ ದಿನ ಎದ್ದು ಮೇಲೆ ಹೋದಾಗ ಕಂಡವರು ದಾವೂದ್ ಭಾಯಿ. ರತ್ನಾಗಿರಿಯ ಕಡೆಯವರು, ಬೋಟಿನ ಚುಕ್ಕಾಣಿ ಹಿಡಿಯುವ ಕೆಲಸ. ಅವರ ಹಿಂದುಸ್ತಾನಿ ನನ್ನ ದಖನಿಗಿಂತ ನುಣುಪಾಗಿತ್ತು, ನನ್ನದನ್ನು ಕೇಳಿ ಸಣ್ಣಗೆ ನಗುತ್ತಿದ್ದರು. ಒಣ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದರೆ ಹೊಟ್ಟೆಯಲ್ಲಿ ನಿಲ್ಲುತ್ತದೆಂದು ಹೇಳಿಕೊಟ್ಟವರು ಅವರೇ. ಒಂದು ರೊಟ್ಟಿ ಅವರಿಗೂ ಕೊಟ್ಟೆ. "ಹಲ್ಲು ಗಟ್ಟಿ ಇರೋ ಮಂದಿ ನೀವು" ಎಂದರು.

ಬೋಟಿನಲ್ಲೂ ಒಂದು ಬ್ಯಾರೋಮೀಟರು ಇತ್ತು. ನಾಲ್ಕು ನಾಲ್ಕು ತಾಸಿಗೊಮ್ಮೆ ಅದನ್ನು ನೋಡಿ ಬರೆಯುತ್ತಿದ್ದರು. ನಾನು ನನ್ನದನ್ನು ತಂದು ತೋರಿಸಿದೆ. ಬ್ಯಾರೋಮೀಟರಿಗೆ ಅವರು ಕಾಟಾ ಎನ್ನುತ್ತಿದ್ದರು. ದಾವೂದ್ ಭಾಯಿ ಅದನ್ನು ತಿರುವಿ ತಿರುವಿ ನೋಡಿ ನಗತೊಡಗಿದರು.

"ಭಾಯ್ ಸಾಬ್, ನಿಮ್ಮ ಕಾಟಾಕ್ಕ ಹುಚ್ಚು ಹಿಡದದ. ಇದರ ಪ್ರಕಾರ ನಾವೆಲ್ಲ ಸಮುದ್ರದ ತಳದಾಗ ಇದ್ದೀವಿ."

"ಊರಾಗ ಸರಿ ಇತ್ತರಿ. ನಾನ ರಿಪೇರಿ ಮಾಡಸೀನಿ."

"ಏನು ರಿಪೇರಿ?"

ಹೇಳಿದೆ. ಅವರ ನಗು ಕಡಿಮೆಯಾಯಿತು.

"ನಿಮ್ಮ ಊರು ಎತ್ತರದಾಗ ಅದ ಏನು?"

"ಬೆಟ್ಟ ಇಲ್ಲರಿ. ಬಯಲು."

"ಬಯಲಾದ್ರೂ ಎತ್ತರ ಇರ್ತದ. ಒಮ್ಮೆ ಒಬ್ಬ ಕಪ್ತಾನನ ಜೋಡಿ ಮಹಾಬಳೇಶ್ವರಕ್ಕ ಹೋಗಿದ್ದೆ. ಆತ ಚಟಕ್ಕಂತ ಕಾಟಾ ಒಯ್ದಿದ್ದ. ಘಾಟ ಹತ್ತಿದಾಂಗ ಮುಳ್ಳು ಇಳಕೋತ ಹೋಗಿ ತೂಫಾನನೂ ದಾಟ್ತು. ಮ್ಯಾಲ ನೋಡಿದ್ರ ಚಲೋ ಬಿಸಿಲು. ಮ್ಯಾಲ ಹೋದಾಂಗ ಗಾಳಿ ಹಗುರ ಆಗ್ತದ ಅಷ್ಟ. ಈ ಅಕ್ಷರ ಎಲ್ಲಾ ಸಮುದ್ರದ ದಂಡಿಯವ್ರು ತಮಗಂತ ಬರಕೊಂಡದ್ದು. ನಿಮ್ಮ ಕಾಟಾ ಮೊದಲು ಖರೆ ಹೇಳಾಕತ್ತಿತ್ತು."

ನಾನು ಕಬ್ಬಿಣದ ಕಂಬಿ ಹಿಡಿದುಕೊಂಡೆ. ಅವರು ಮತ್ತೆ ತಲೆ ಸುತ್ತಿತೆಂದುಕೊಂಡರು.

ದವಾಖಾನೆಯ ಅಳತೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಕೋಷ್ಟಕವಿತ್ತು. ಗಾಳಿಯ ಭಾರ ಕಡಿಮೆ ಇದ್ದರೆ ಡಬ್ಬಿಯಲ್ಲಿ ಗಾಳಿ ತೆಳ್ಳಗಿರುತ್ತದೆ, ಅದು ಕಿರಣವನ್ನು ಕಡಿಮೆ ತೋರಿಸುತ್ತದೆ, ಆದ್ದರಿಂದ ಬಂದ ಅಂಕಿಗೆ ಇಷ್ಟು ಕೂಡಿಸಬೇಕು ಎಂದು. ಮುಳ್ಳು ಬಿರುಗಾಳಿಯ ಮೇಲಿದ್ದಷ್ಟು ದಿನ ನಾನು ಕೋಷ್ಟಕ ನೋಡಿ ಕೂಡಿಸುತ್ತಿದ್ದೆ, ಕೆಟ್ಟ ಸಾಮಾನಿನ ಅಂಕಿಯನ್ನು ಬಳಸುತ್ತಿದ್ದೇನಲ್ಲ ಎಂದು ಅಳುಕುತ್ತ. ರಿಪೇರಿಯಾದ ಮೇಲೆ ಕೂಡಿಸುವುದನ್ನು ಬಿಟ್ಟೆ. ಸ್ವಚ್ಛ ಎಂದಿರುವಾಗ ಕೂಡಿಸುವುದೇನು? ಯಂತ್ರದ ಕಿರಣ ಇದ್ದುದಕ್ಕಿಂತ ಕಡಿಮೆ ಎಂದು ಪುಸ್ತಕದಲ್ಲಿ ಬಂತು. ಕಡಿಮೆಯಾಯಿತೆಂದು ನಿಮಿಷ ಹೆಚ್ಚು ಕೊಟ್ಟೆ. ತುಂಬಿದ ಸೇರನ್ನು ತುಂಬಿಲ್ಲವೆಂದು ತಿಳಿದು ಮೇಲೆ ಮೇಲೆ ಸುರಿದ ಹಾಗೆ. ರಿಪೇರಿಯಾದ ಐದನೆಯ ತಿಂಗಳಿಗೆ ಚಂದ್ರಮ್ಮನನ್ನು ಆ ಯಂತ್ರದ ಕೆಳಗೆ ಮಲಗಿಸಿದೆವು.

ಏಡನ್

ಏಡನ್ನಿನಲ್ಲಿ ಬೋಟು ಅರ್ಧ ದಿನ ನಿಂತಿತು. ಹಸಿರು ಎಂಬುದೇ ಇಲ್ಲದ ಕರೀ ಕಲ್ಲಿನ ಊರು. ನಮ್ಮ ಕಡೆಯ ಹುಣಸೆ ಮರವೊಂದನ್ನು ಒಯ್ದು ನೆಟ್ಟರೆ ಆ ಊರಿನವರೆಲ್ಲ ಅದರ ಕೆಳಗೇ ಸಂಸಾರ ಹೂಡುತ್ತಾರೆ ಅನಿಸಿತು. ಜನ ಇಳಿದು ಓಡಾಡಿದರು. ನಾನು ಟಪಾಲು ಕಚೇರಿಯ ಮುಂದಿನ ಕಟ್ಟೆಯ ಮೇಲೆ ಕೂತು ಡಾಕ್ಟರ್ ಸಾಹೇಬರಿಗೆ ಪತ್ರ ಬರೆದೆ. ಬ್ಯಾರೋಮೀಟರು ತಿರುಗಿಸಿದ್ದು ನಾನು, ಆ ದಿನದಿಂದ ನಿಮಿಷಗಳೆಲ್ಲ ಹೆಚ್ಚಾಗಿರಬಹುದು, ಕಡಿಮೆ ಮಾಡಿರಿ ಎಂದು ನಾಲ್ಕು ಸಾಲು.

ಅದನ್ನು ಹಾಕಲಿಲ್ಲ. ದಾವೂದ್ ಭಾಯಿ ಚುಕ್ಕಾಣಿ ಹಿಡಿಯುವವರು, ಅವರಿಗೆ ಎಕ್ಸ್‌ರೇ ಏನು ಗೊತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಅಲ್ಲಿ ತಿಳಿದವರು ಹೇಳಲಿ, ಆಮೇಲೆ ಬರೆದರಾಯಿತು ಎಂದುಕೊಂಡೆ. ಪತ್ರವನ್ನು ಹರಿದು ನೀರಿಗೆ ಬಿಟ್ಟೆ. ನಾನಿಲ್ಲದಾಗಲೂ ನನ್ನ ಅಂಕಿಯ ಮೇಲೆಯೇ ದವಾಖಾನೆಯಲ್ಲಿ ದಿನಾ ಕಿರಣ ಕೊಡುತ್ತಿದ್ದರು. ಇದು ಗೊತ್ತಿದ್ದೂ ಹರಿದೆ. ಸೂಯೆಜ್ ಕಾಲುವೆಯ ಬಗ್ಗೆ ಊರಿನವರು ಬಹಳ ಕೇಳುತ್ತಾರೆ. ಅದನ್ನು ನಾನು ನೋಡಿದ್ದು ಹೌದು. ಏನೂ ನೆನಪಿಲ್ಲ.

ಮಿಸೆಸ್ ಹಾಲ್ ಅವರ ಮನೆ

ಲಂಡನ್ನಿನ ಬಂದರಿನಲ್ಲಿ ಸಾಮಾನು ತಪಾಸು ಮಾಡುವವನು ಪೆಟ್ಟಿಗೆ ತೆರೆ ಎಂದ. ತೆರೆದೆ. ಡಬ್ಬಿಯ ಕಡೆ ಬೆರಳು ಚಾಚಿದ. ನನ್ನ ಇಂಗ್ಲಿಷೆಲ್ಲ ಆ ಗಳಿಗೆಯಲ್ಲಿ ಓಡಿಹೋಯಿತು. "ಬ್ಯಾಡ್ರಿ ಸಾಹೇಬ್ರೆ, ಕೈಮುಗೀತೀನಿ" ಎಂದು ನಮ್ಮ ಮಾತಿನಲ್ಲೇ ಕೂಗಿಬಿಟ್ಟೆ. ಅವನು ಬೆಚ್ಚಿ ಕೈ ಹಿಂದೆ ತೆಗೆದ. ನನ್ನ ಮುಖ ನೋಡಿ ಮುಚ್ಚಳ ತಾನೇ ಮೆಲ್ಲಗೆ ಮುಚ್ಚಿದ. ಆಮೇಲೆ ಗಂಟು ಬಿಚ್ಚಿ, ಅಕ್ಕನ ಉಳಿದ ರೊಟ್ಟಿಯೊಂದನ್ನು ಮೇಜಿಗೆ ಬಡಿದು ನೋಡಿ, ಇದೇನು ಎಂದು ಕೇಳಿದ. ತಿನ್ನುವುದು ಎಂದರೆ ನಂಬಲಿಲ್ಲ. ಅವನ ಮುಂದೆ ಮುರಿದು ತಿಂದು ತೋರಿಸಬೇಕಾಯಿತು.

ಪ್ರಯೋಗಶಾಲೆ ಲಂಡನ್ನಿನ ಹೊರಗಿತ್ತು. ಅದರ ಹತ್ತಿರ ಮಿಸೆಸ್ ಹಾಲ್ ಎಂಬ ಮುದುಕಿಯ ಮನೆಯಲ್ಲಿ ನನಗೆ ಕೋಣೆ ಗೊತ್ತು ಮಾಡಿದ್ದರು. ಮಾಂಸ ಬೇಡವೆಂದೆ. ಸರಿ ಎಂದರು. ಮೊಟ್ಟೆ ಬೇಡವೆಂದೆ. ನನಗೆ ಹುಷಾರಿಲ್ಲವೆಂದು ತಿಳಿದು ಹಣೆ ಮುಟ್ಟಿ ನೋಡಿದರು. ಆಮೇಲೆ ದಿನಾ ಬೇಯಿಸಿದ ಕೋಸು ಕೊಟ್ಟರು. ಉಪ್ಪಿಲ್ಲ, ಖಾರವಿಲ್ಲ. ನಮ್ಮಲ್ಲಿ ಬಾಣಂತಿಗೂ ಇಷ್ಟು ಪಥ್ಯ ಹಾಕುವುದಿಲ್ಲ. ನಾನು ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವುದನ್ನು ನೋಡಿ ಒಂದು ದಿನ ತಾವೂ ಬೆರಳ ತುದಿಗೆ ಹಚ್ಚಿಕೊಂಡರು. ಎರಡು ಲೋಟ ನೀರು ಕುಡಿದು, ಕಣ್ಣು ಒರಸಿಕೊಂಡು, ಬಹಳ ಚೆನ್ನಾಗಿದೆ ಎಂದರು. ಆ ದೇಶದವರು ಚೆನ್ನಾಗಿಲ್ಲ ಎಂಬ ಮಾತನ್ನು ಆಡಿದ್ದು ನಾನು ಕೇಳಲಿಲ್ಲ.

ಅವರ ಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೂ ಒಂದು ಬ್ಯಾರೋಮೀಟರು. ಅಲ್ಲಿ ಮನೆ ಮನೆಗೂ ಇರುತ್ತದಂತೆ. ಬೆಳಿಗ್ಗೆ ಎದ್ದ ಕೂಡಲೇ ಅವರು ಅದನ್ನು ಬೆರಳಿನಿಂದ ಎರಡು ಸಲ ತಟ್ಟಿ, ಮುಳ್ಳು ನೋಡಿ, ಬಟ್ಟೆ ಒಗೆಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು. ಸ್ವಚ್ಛ ಎಂದು ತೋರಿಸಿದ ದಿನವೂ ಮಳೆ ಬರುತ್ತಿತ್ತು. ಆಗ ನಾವಿಬ್ಬರೂ ಓಡಿ ಹಗ್ಗದ ಮೇಲಿನ ಬಟ್ಟೆ ತರುತ್ತಿದ್ದೆವು. ಮರುದಿನ ಮತ್ತೆ ತಟ್ಟಿ ಅದನ್ನೇ ಕೇಳುವರು.

ಒಂದು ಬೆಳಿಗ್ಗೆ ನಾನು ಅದನ್ನು ನೋಡುತ್ತ ನಿಂತುಬಿಟ್ಟಿದ್ದೆ. "ಅದು ನಮ್ಮ ಯಜಮಾನರದು" ಎಂದರು ಮಿಸೆಸ್ ಹಾಲ್. ಹಿಂದಿನ ಮಹಾಯುದ್ಧದಲ್ಲಿ ಅವರು ಸತ್ತಿದ್ದರು. "ತಟ್ಟುವ ಚಟ ಅವರದು. ನಾನು ಬೈಯುತ್ತಿದ್ದೆ." ನನ್ನ ಮನೆಯವರೂ ಏಪ್ರಿಲ್ ತಿಂಗಳಲ್ಲಿ ಹೋದರೆಂದು ಹೇಳಿದೆ. ಆ ಸಂಜೆ ಕೋಸಿಗೆ ಉಪ್ಪು ಹಾಕಿದ್ದರು, ಸ್ವಲ್ಪ ಹೆಚ್ಚೇ.

ಆ ದಿನಗಳಲ್ಲಿ ಊರಿನ ಉದ್ಯಾನಗಳಲ್ಲಿ ಜನ ಹುಲ್ಲು ಕಿತ್ತು ಕಂದಕ ತೋಡುತ್ತಿದ್ದರು. ಮತ್ತೆ ಯುದ್ಧ ಬರುತ್ತದೆಂದು. ಆಗ ಬರಲಿಲ್ಲ, ಮರುವರ್ಷ ಬಂತು.

ಪ್ರಯೋಗಶಾಲೆ

ನನ್ನ ಪೆಟ್ಟಿಗೆಯನ್ನು ತೆಗೆದುಕೊಂಡವರು ಮಿಸ್ ವಾರ್ಡ್. ಐವತ್ತು ದಾಟಿದವರು, ಕೂದಲ ಗಂಟಿನಲ್ಲಿ ಸದಾ ಒಂದು ಪೆನ್ಸಿಲು. ಮೊದಲು ಎಳೆಯನ್ನು ಮೇಲೆತ್ತಿ, ಯಾವ ಕಿರಣವೂ ಇಲ್ಲದೆ ಸುಮ್ಮನೆ ಒಂದು ತಾಸು ಬಿಟ್ಟು ಚಹಾ ಕುಡಿದರು. ಕಿರಣವಿಲ್ಲದೆಯೂ ಎಳೆ ಇಳಿದರೆ ಡಬ್ಬಿ ಸೋರುತ್ತಿದೆ ಎಂದರ್ಥ. ಇಳಿದಿರಲಿಲ್ಲ. ಆಮೇಲೆ ಬೀರುವಿನಷ್ಟು ದೊಡ್ಡದಾದ ತಮ್ಮ ಮೂಲ ಮಾಪಕದ ಪಕ್ಕದಲ್ಲಿಟ್ಟು ನಾಲ್ಕು ದಿನ ತಾಳೆ ನೋಡಿದರು. ಒಂದೇ ಅಳತೆಯನ್ನು ಇಬ್ಬರು ಓದುತ್ತಿದ್ದರು. ಮಿಸ್ ವಾರ್ಡ್ ತಮ್ಮ ಪುಸ್ತಕವನ್ನು ಕೈಯಿಂದ ಮುಚ್ಚಿ ಬರೆಯುವರು, ಇನ್ನೊಬ್ಬರು ತಮ್ಮದನ್ನು ಮುಚ್ಚಿ ಬರೆಯುವರು. ಪರೀಕ್ಷೆಯಲ್ಲಿ ಪಕ್ಕದವನಿಗೆ ಕಾಣಬಾರದೆಂದು ಮಾಡುತ್ತೇವಲ್ಲ, ಹಾಗೆ. ಮುಗಿದ ಮೇಲೆ ಎರಡನ್ನೂ ಜೋಡಿಸಿ ನೋಡುವರು. ಬೇರೆ ಬಂದರೆ ಯಾರೂ ಯಾರನ್ನೂ ಬೈಯುತ್ತಿರಲಿಲ್ಲ, ಮತ್ತೆ ಮೊದಲಿನಿಂದ ಓದುತ್ತಿದ್ದರು. ನಮ್ಮಲ್ಲಿ ಓದುವವನು, ಬರೆಯುವವನು, ಸರಿಯಿದೆ ಎನ್ನುವವನು ಮೂರೂ ನಾನೊಬ್ಬನೇ.

ಐದನೆಯ ದಿನ ಕರೆದರು. "ನಿಮ್ಮ ಡಬ್ಬಿ ಚೆನ್ನಾಗಿದೆ. ಎಳ್ಳಷ್ಟೂ ಕೆಟ್ಟಿಲ್ಲ. ಬಹಳ ಜೋಪಾನವಾಗಿ ತಂದಿದ್ದೀರಿ."

ಅದು ಕೆಟ್ಟಿರಲಿ ಎಂದು ನಾನು ಮೂರು ವಾರದಿಂದ ಬೇಡಿಕೊಂಡಿದ್ದೆ. ಬ್ಯಾರೋಮೀಟರನ್ನು ತೆಗೆದು ಅವರ ಮೇಜಿನ ಮೇಲಿಟ್ಟೆ. ಅವರು ಮುಳ್ಳು ನೋಡಿದರು, ಹಿಂದೆ ತಿರುವಿ ತಿರುಪು ನೋಡಿದರು.

"ಇದನ್ನು ಯಾರು ತಿರುಗಿಸಿದ್ದು?"

"ನಾನು. ತಿರುಗಿಸಿಕೊಂಡು ಬಂದೆ."

ದಾವೂದ್ ಭಾಯಿಯ ಹಾಗೆ ಅವರು ನಗಲಿಲ್ಲ. ನಕಾಶೆಯ ದೊಡ್ಡ ಪುಸ್ತಕ ತಂದು ಹೈದರಾಬಾದನ್ನು ಹುಡುಕಿದರು. ಸಮುದ್ರದಿಂದ ಎಷ್ಟು ಎತ್ತರವೆಂದು ನೋಡಿದರು. ಪೆನ್ಸಿಲು ತೆಗೆದರು. ಹಾಳೆಯ ಮೇಲೆ ಮೂರು ಸಾಲು ಬರೆದು, ಅದನ್ನು ಮುಚ್ಚಿಟ್ಟು, ಪಕ್ಕದ ಕೋಣೆಯವರನ್ನು ಕರೆದು ಅವರಿಂದಲೂ ಲೆಕ್ಕ ಮಾಡಿಸಿದರು. ಎರಡೂ ಒಂದೇ ಬಂತು.

"ನೂರಕ್ಕೆ ಸುಮಾರು ಏಳು ಪಾಲು ಹೆಚ್ಚು ಕೊಟ್ಟಿದ್ದೀರಿ" ಎಂದರು.

"ಏಳು ಪಾಲಿಗೆ ಮನುಷ್ಯರ ಚರ್ಮ ಸುಡುತ್ತದೆಯೇ?"

"ಕೆಲವರದು ಸುಡಬಹುದು. ಸರಿಯಾಗಿ ಕೊಟ್ಟಾಗಲೂ ಕೆಲವರದು ಸುಡುತ್ತದೆ. ಯಾರನ್ನು ಕುರಿತು ಕೇಳುತ್ತಿದ್ದೀರಿ?"

"ನನ್ನ ಹೆಂಡತಿ."

ಅವರು ಪೆನ್ಸಿಲನ್ನು ಕೆಳಗಿಟ್ಟರು. ಕಿಟಕಿಯ ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು.

"ಇದರಿಂದ ಅಲ್ಲ ಎಂದು ನಿಮಗೆ ಹೇಳಲಾರೆ" ಎಂದರು. "ಇದರಿಂದಲೇ ಎಂದೂ ಹೇಳಲಾರೆ. ಏಳು ಪಾಲು ಎಂಬುದಷ್ಟೇ ನನಗೆ ಗೊತ್ತು." ಒಮ್ಮೆಲೇ ಎದ್ದರು. "ನಿಮ್ಮ ಯಂತ್ರದಲ್ಲಿ ಈಗಲೂ ರೋಗಿಗಳಿಗೆ ಕೊಡುತ್ತಿದ್ದಾರೆಯೇ?"

"ಕೊಡುತ್ತಿದ್ದಾರೆ."

"ಹಾಗಾದರೆ ಇಲ್ಲಿ ಯಾಕೆ ಕೂತಿದ್ದೇವೆ? ನಡೆಯಿರಿ."

ಮಳೆಯಲ್ಲಿ ಕೊಡೆಯಿಲ್ಲದೆ ನನ್ನ ಮುಂದೆ ಮುಂದೆ ಓಡುವ ಹಾಗೆ ನಡೆದರು. ಆ ವಯಸ್ಸಿನ ಹೆಂಗಸು ಹಾಗೆ ನಡೆದದ್ದು ನಾನು ನಮ್ಮ ಊರಿನಲ್ಲಿ ನೋಡಿಲ್ಲ. ತಾರು ಕಚೇರಿಯಲ್ಲಿ ಫಾರಮನ್ನು ನನ್ನ ಮುಂದೆ ಸರಿಸಿದರು, ತಾವು ಬರೆಯಲಿಲ್ಲ. ನಿಮಿಷಗಳನ್ನು ನೂರಕ್ಕೆ ಏಳು ಕಡಿಮೆ ಮಾಡಿರಿ, ಬ್ಯಾರೋಮೀಟರಿನ ತಪ್ಪು, ತಪ್ಪು ನನ್ನದು ಎಂದು ಬರೆದೆ. ಕೊನೆಯ ಮಾತು ತಾರಿಗೆ ಬೇಕಿಲ್ಲವೆಂದು ಅಲ್ಲಿಯ ಗುಮಾಸ್ತ ಹೇಳಿದ. ಇರಲಿ ಎಂದೆ.

ಎರಡು ದಿನಕ್ಕೆ ಉತ್ತರ ಬಂತು. ಕಡಿಮೆ ಮಾಡಿದ್ದೇವೆ, ಕೆಲಸ ಕಲಿತು ಬಾ, ಎಂದಿತ್ತು. ಏಡನ್ನಿನಲ್ಲಿ ಹರಿದ ಪತ್ರದ ಸಂಗತಿ ಡಾಕ್ಟರ್ ಸಾಹೇಬರಿಗೆ ಹೇಳಿದ್ದು ಊರಿಗೆ ಬಂದ ಮೇಲೆ. ಅವರು ಆ ವಾರಗಳಲ್ಲಿ ಕಿರಣ ತೆಗೆದುಕೊಂಡವರ ಹೆಸರುಗಳನ್ನು ನನ್ನ ಕೈಯಿಂದಲೇ ಬರೆಸಿ, ಒಬ್ಬೊಬ್ಬರನ್ನೂ ಕರೆಸಿ ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಮತ್ತೆ ಕಲ್ಯಾಣ

ಅಕ್ಕ ಪಡಸಾಲೆಯಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊದಲು ನನ್ನ ಮೈ ನೋಡಿದಳು. "ಸೊರಗಿ ಕಡ್ಡಿ ಆಗೀದಿ. ಹುಲ್ಲು ಹಾಕ್ಯಾರೇನು ನಿನಗ?" ಎಂದಳು. ಕೋಸಿನ ಕಥೆ ಹೇಳಿದೆ. ನಕ್ಕಳು. ಆಮೇಲೆ ಮೊರ ಕೆಳಗಿಟ್ಟಳು. ನಾನು ಎಲ್ಲವನ್ನೂ ಹೇಳಿದೆ. ಗಫೂರ್ ಮಿಯಾ ತಿರುಪು ತಿರುಗಿಸಿದ್ದು, ನಮ್ಮ ಕಡೆಯ ಗಾಳಿ ಹಗುರ ಇರುವುದು, ನಾನು ಕೂಡಿಸುವುದನ್ನು ಬಿಟ್ಟದ್ದು.

"ಹೆಚ್ಚು ಅಂದ್ರ ಎಷ್ಟು ಹೆಚ್ಚು?"

"ನೂರಕ್ಕ ಏಳು."

"ನೂರಕ್ಕ ಏಳು ಅಂದ್ರ ನನಗ ಹ್ಯಾಂಗ ತಿಳೀಬೇಕೋ?"

ಮೊರದಿಂದ ನೂರು ಜೋಳದ ಕಾಳು ಎಣಿಸಿ ನೆಲದ ಮೇಲೆ ಗುಡ್ಡೆ ಮಾಡಿದೆ. ಪಕ್ಕದಲ್ಲಿ ಏಳು ಇಟ್ಟೆ. ಅಕ್ಕ ಬಗ್ಗಿ ನೋಡಿದಳು. ಆಮೇಲೆ ಒಂದೇ ಬೆರಳಿನಿಂದ ಆ ಏಳನ್ನು ಗುಡ್ಡೆಯೊಳಗೆ ದೂಡಿ ಕಲೆಸಿದಳು.

"ಈಗ ಹೇಳು. ಇದರಾಗ ಹೆಚ್ಚಿನವು ಯಾವು?"

ನಾನು ಗುಡ್ಡೆಯಿಂದ ಒಂದು ಕಾಳು ಎತ್ತಿದೆ, ಮತ್ತೆ ಅಲ್ಲೇ ಇಟ್ಟೆ.

"ನಾನೂ ಒಂದು ಹೇಳ್ತೀನಿ" ಎಂದಳು. ನನ್ನ ಕಡೆ ನೋಡದೆ ಕಾಳುಗಳನ್ನು ಮೊರಕ್ಕೆ ತುಂಬುತ್ತ ಹೇಳಿದಳು. "ಎರಡನೇ ವಾರದಾಗನ ಆಕಿಗಿ ಉರಿ ಶುರು ಆಗಿತ್ತು. ಕುಬಸ ತಾಗಿದ್ರ ಕಣ್ಣಾಗ ನೀರು ಬರ್ತಿತ್ತು. ನೀ ಬಂದ ಕೂಡಲೇ ಸೆರಗ ಹೊದ್ದು ನಗ್ತಿದ್ದಳು. 'ಅವ್ವಾ, ಮಾಮಾಗ ಹೇಳಬ್ಯಾಡ. ಹೇಳಿದ್ರ ನಿಲ್ಲಸ್ತಾನ. ನಿಲ್ಲಸಿದ್ರ ನಾ ಉಳಿಯಾಂಗಿಲ್ಲ' ಅಂದಳು. ನಾ ಹೇಳಲಿಲ್ಲ. ನಾ ಹೇಳಿದ್ರ ನೀ ನಿಲ್ಲಸ್ತಿದ್ದೇನು?"

"ನಿಲ್ಲಸ್ತಿದ್ದೆ, ಅಕ್ಕಾ."

"ಹೂಂ" ಎಂದಳು. "ಅದಕ್ಕ ಕೇಳ್ಕೊಂಡು ಬಾ ಅಂದೆ. ಬ್ಯಾನಿ ಸುಡ್ತು ಅಂತ ಯಾರರ ಹೇಳ್ತಾರೇನೋ ಅಂತ."

ಕಾಳು ಪೂರ್ತಿ ತುಂಬಿ ಆದ ಮೇಲೆ ಕೇಳಿದಳು: "ನಿಮ್ಮ ದವಾಖಾನ್ಯಾಗ ಹೆಣ್ಣಮಕ್ಕಳ ಮೈ ನೋಡೋರು ಯಾರು?"

"ನರ್ಸ್ ಇದ್ದಾಳ. ಎಣ್ಣಿ ಹಚ್ತಾಳ. ಆಕಿದು ತೆಲುಗು, ನಮ್ಮ ಕಡಿ ಮಂದಿ ಮಾತು ಆಕಿಗಿ ತಿಳಿಯಂಗಿಲ್ಲ."

"ಮತ್ತ ನೀನು?"

"ಗಂಡಸು ಹ್ಯಾಂಗ ನೋಡ್ಲಿ, ಅಕ್ಕಾ? ನಾ ಗಡಿಯಾರ ನೋಡ್ತೀನಿ."

"ನಾ ಬರ್ತೀನಿ ತಡಿ" ಎಂದಳು ಅಕ್ಕ.

ದವಾಖಾನೆ

ಈಗ ನಮ್ಮಲ್ಲಿ ಪ್ರತಿ ಬೆಳಿಗ್ಗೆ ಮೊದಲ ರೋಗಿಗಿಂತ ಮುಂಚೆ ಅಳೆಯುತ್ತೇವೆ, ಸೋಮವಾರ ಮಾತ್ರವಲ್ಲ. ಕಂಪೌಂಡರು ಒಂದು ಪುಸ್ತಕದಲ್ಲಿ, ನಾನು ಒಂದು ಪುಸ್ತಕದಲ್ಲಿ, ಕೈ ಅಡ್ಡ ಇಟ್ಟುಕೊಂಡು ಬರೆಯುತ್ತೇವೆ. ಕಂಪೌಂಡರಿಗೆ ಮೊದಮೊದಲು ಇದು ಅವಮಾನವೆನಿಸಿ ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದರು. ಅಕ್ಕ ಒಳಗಿನ ಕೋಣೆಯಲ್ಲಿ ಹೆಂಗಸರ ಜೊತೆ ಇರುತ್ತಾಳೆ. ಅವಳಿಗೆ ಅಕ್ಷರ ಬಾರದು. ಮೈ ನೋಡುತ್ತಾಳೆ, ಕೇಳುತ್ತಾಳೆ.

ಹೋದ ತಿಂಗಳು ನಮ್ಮ ಕಡೆಯ ಹುಡಗಿ ಎಂಬ ಹಳ್ಳಿಯಿಂದ ಬಂದ ಒಬ್ಬ ಹೆಣ್ಣುಮಗಳಿದ್ದಳು. ಚಂದ್ರಮ್ಮನಿಗೆ ಇದ್ದ ಬೇನೆಯೇ. ಮೂರನೆಯ ವಾರ. ಆ ದಿನ ನಮ್ಮ ಎರಡೂ ಪುಸ್ತಕಗಳ ಅಂಕಿ ಸರಿಯಾಗಿ ಕೂಡಿತ್ತು. ಹೇಗಿದೆ ಎಂದು ಡಾಕ್ಟರ್ ಸಾಹೇಬರು ಕೇಳಿದರೆ ಅವಳು, "ಏನೂ ಇಲ್ಲರಿ ಸಾಹೇಬ್ರೆ, ಚಲೋ ಅದ. ಲಗೂ ಮುಗಸ್ರಿ" ಎಂದಳು. ನಾನು ಯಂತ್ರ ಬೆಚ್ಚಗೆ ಮಾಡಿ ಗಡಿಯಾರ ಕೈಯಲ್ಲಿ ಹಿಡಿದೆ. ಅಕ್ಕ ಪರದೆ ಸರಿಸಿ ಹೊರಗೆ ಬಂದಳು.

"ತಮ್ಮಾ, ಸುಳ್ಳು ಹೇಳಾಕತ್ತಾಳ. ಉರೀತದ ಆಕಿಗಿ. ಇವತ್ತು ಬ್ಯಾಡ."

ಯಂತ್ರ ಆರಿಸಿದೆ. ಡಾಕ್ಟರ್ ಸಾಹೇಬರು ಒಳಗೆ ಹೋಗಿ ನೋಡಿ ಬಂದು, ಎಂಟು ದಿನ ಬಿಟ್ಟು ಮುಂದುವರಿಸೋಣ ಎಂದು ಬರೆದರು. ಹೆಣ್ಣುಮಗಳು ಎದ್ದು ಕೂತು ಅಕ್ಕನ ಮೇಲೆ ಕೂಗತೊಡಗಿದಳು.

"ನಿನಗೇನ್ ಮಾಡಿದ್ನೇ ಮುದುಕಿ? ಮನ್ಯಾಗ ಮೂರು ಮಕ್ಕಳ ಬಿಟ್ಟು ಬಂದೀನಿ. ಉರದ್ರ ನನಗ ಉರೀತದ, ನಿನಗೇನು? ಚಾಡಿ ಹೇಳಾಕ ಇಟ್ಟಾರೇನು ನಿನ್ನ ಇಲ್ಲಿ?"

ಅಕ್ಕ ಅವಳ ಸೆರಗನ್ನು ಸುಟ್ಟ ಕಡೆಗೆ ತಾಗದ ಹಾಗೆ ಸರಿಮಾಡಿ, ಅವಳ ಪಕ್ಕದಲ್ಲೇ ಮಂಚದ ಮೇಲೆ ಕೂತಳು.

"ಬೈ" ಎಂದಳು. "ಇನ್ನಷ್ಟು ಬೈ. ನನ್ನ ಮಗಳು ಬೈಲಿಲ್ಲ."